ಎರಡು ಬೆರಳಗಲದ ಗಾದಿ

ಈ ಊರಿನಲ್ಲಿ ಗಾದಿಯಕ್ಕನ ಮೇಲೆ ಕೂರದವರು ಯಾರಿದ್ದಾರೆ, ಒಬ್ಬರನ್ನು ತೋರಿಸಿ ನೋಡೋಣ! ಅಂದರೆ ಅವಳ ಮೇಲಲ್ಲ, ಅಪಾರ್ಥ ಮಾಡಿಕೊಳ್ಳಬೇಡಿ. ಅವಳು ಹೊಲಿದ ಗಾದಿಯ ಮೇಲೆ. ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಒರಗುವ ಉದ್ದನೆಯ ಕುರ್ಚಿ ಇದೆಯಲ್ಲ, ಅದರ ಹೊದಿಕೆ ಅವಳದು. ಕ್ಷೌರದಂಗಡಿಯ ಸುತ್ತುವ ಕುರ್ಚಿ ಅವಳದು. ಹಳೆಯ ಸಿನಿಮಾ ಮಂದಿರದ ಬಾಲ್ಕನಿಯ ಸೀಟುಗಳೆಲ್ಲ ಅವಳ ಮಶೀನಿನ ಕೆಳಗೇ ಹಾದು ಬಂದವು. ಊರಿನ ಅರ್ಧ ಜನರ ಬೆನ್ನು, ಸೊಂಟಗಳಿಗೆ ಅವಳ ಕೈಗುಣ ಗೊತ್ತು, ಅವಳ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಗೋದಾಮುಗಳ ಹಿಂದಿನ ಓಣಿಗೆ ಹೋಗಿ 'ಗಾದಿಯಕ್ಕ' ಅಂದರೆ ಸಾಕು, ಯಾರು ಬೇಕಾದರೂ ಅಂಗಡಿ ತೋರಿಸುತ್ತಾರೆ. ಹೊರಗೆ ಹೊಟ್ಟೆ ಬಗೆದ ಸೋಫಾ ಒಂದು ನಿಂತಿದ್ದರೆ ಅದೇ ಅಂಗಡಿ.

ಅವಳಿಗೊಂದು ಚಾಳಿ. ಯಾರ ಮನೆಗೆ ಹೋದರೂ ಕೂರುವ ಮೊದಲು ಅಲ್ಲಿಯ ದಿಂಬನ್ನು ಮಗುಚಿ, ಹೊಲಿಗೆ ಎಲ್ಲಿ ಮುಗಿದಿದೆ, ಒಳಗೆ ಏನು ತುಂಬಿದ್ದಾರೆ ಎಂದು ಹಿಚುಕಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಅಂಚಿಗೆ ಎರಡು ಹೊಲಿಗೆ ಹಾಕಿದ್ದಾರಾ, ಒಂದೇನಾ? ಚಿಂದಿ ತುಂಬಿ ಫೋಮು ಅಂತ ಹೇಳಿ ಮಾರಿದ್ದಾರಾ? ಒಮ್ಮೆ ಸಿನಿಮಾಕ್ಕೆ ಹೋದವಳು ದೀಪ ಆರಿದ ಮೇಲೆ ತನ್ನದೇ ಹೊಲಿಗೆ ಹೇಗೆ ಬಾಳಿದೆ ಎಂದು ಪಕ್ಕದ ಸೀಟಿನ ಅಡಿಗೆ ಕೈ ಹಾಕಿ ತಡಕಾಡಿದಳು. ಆ ಸೀಟಿನಲ್ಲಿದ್ದ ಗಂಡಸು ಗಾಬರಿಬಿದ್ದು ಎದ್ದು ಹಿಂದಿನ ಸಾಲಿಗೆ ಓಡಿದ. "ಇನ್ನು ನಿನ್ನ ಜೊತೆ ಎಲ್ಲಿಗೂ ಬರಲ್ಲ ಕಣೇ" ಎಂದು ಗಂಡ ಅಂದೇ ಹೇಳಿಬಿಟ್ಟ. ಗಂಡನದು ಸಾಮಾನು ಸಾಗಿಸುವ ಗಾಡಿ. ಸೋಫಾ ತರುವುದು, ಒಯ್ಯುವುದು ಅವನ ಪಾಲು. ಮಾತು ಕಡಿಮೆ, ಆಡಿದರೆ ಕುಟುಕುವುದೇ.

ಇವರಿಗೆ ಒಬ್ಬಳೇ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ. ಅವಳು ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಳು. ಗಂಡನ ಮನೆಯಲ್ಲಿ ಗಂಡ ಮತ್ತು ಅತ್ತೆ, ಇಬ್ಬರೇ. ಗಾದಿಯಕ್ಕ ಮೊದಲ ಸಲ ಅಲ್ಲಿಗೆ ಹೊರಟಾಗ ಮಗಳು ಫೋನು ಮಾಡಿ ಗೋಗರೆದಳು: "ಅಮ್ಮಾ, ದಮ್ಮಯ್ಯ ಅಂತೀನಿ, ಇಲ್ಲಿ ಬಂದು ದಿಂಬು ಗಿಂಬು ಮಗುಚಬೇಡ. ಅತ್ತೆಗೆ ಅವರ ಸಾಮಾನು ಬೇರೆಯವರು ಮುಟ್ಟಿದರೆ ಆಗಲ್ಲ."

"ಅಯ್ಯೋ, ನಾನೇನು ಚಿಕ್ಕ ಮಗೂನಾ? ಕೈ ಕಟ್ಕೊಂಡು ಕೂತಿರ್ತೀನಿ, ಸರೀನಾ?"

ಕೂತಿದ್ದಳು ಕೂಡ, ಪಾಪ. ಬೀಗಿತ್ತಿಯ ಸೋಫಾದ ಎಡಗಡೆ ಅಂಚು ಸಡಿಲವಾಗಿದ್ದು ಕಣ್ಣಿಗೆ ಕುಕ್ಕುತ್ತಿದ್ದರೂ ಮುಟ್ಟಲಿಲ್ಲ. ಬೀಗಿತ್ತಿ ಸಣಕಲು ಹೆಂಗಸು, ನೆಟ್ಟಗೆ ನಿಲುವು, ಇಸ್ತ್ರಿ ಮಾಡಿದ ಬಟ್ಟೆ, ಅಳೆದು ಆಡುವ ಮಾತು. "ಆರಾಮಾಗಿ ಕೂತ್ಕೊಳ್ಳಿ" ಎಂದು ಹೇಳಿ ತಾವು ಮಾತ್ರ ನಿಂತೇ ಇದ್ದರು. ಎದುರಿನ ಗೋಡೆಗೆ ಒಂದು ಗಾಜಿನ ಬೀರು, ಅದರ ತುಂಬ ಬೊಂಬೆಗಳು. ಆಟದ ಬೊಂಬೆಗಳಲ್ಲ, ವರ್ಷಕ್ಕೊಂದರಂತೆ ಆರಿಸಿ ತಂದು ಕೂಡಿಟ್ಟವು. ಪಿಂಗಾಣಿ ಮುಖ, ಮಡಚಬಹುದಾದ ಕೈಕಾಲು, ಕಾಲಿಗೆ ನಿಜವಾದ ಲೇಸಿನ ಬೂಟು. ಪ್ರತಿಯೊಂದರ ಹಿಂದೆ ಒಂದು ಸಣ್ಣ ಕಂಬ, ಕಂಬದಿಂದ ಸೊಂಟಕ್ಕೆ ತಂತಿಯ ಬಳೆ. ಎಲ್ಲವೂ ನಿಂತಿದ್ದವು. ನಡುವಿನ ಹಲಗೆಯಲ್ಲಿ ಒಂದು ಮಾತ್ರ ಮರದ ಪುಟ್ಟ ಕುರ್ಚಿಯಲ್ಲಿ ಕೂತಿತ್ತು. ಅದರ ಅಡಿಯಲ್ಲಿ ಬಣ್ಣ ಮಾಸಿದ ನೀಲಿ ಗಾದಿ, ಎರಡು ಬೆರಳಗಲದ್ದು.

ನೋಡಿ, ಅಲ್ಲಿಗೆ ಮುಗಿಯಿತು. ಅಷ್ಟು ಚಿಕ್ಕ ಗಾದಿಯನ್ನು ಗಾದಿಯಕ್ಕ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದನ್ನು ಹೊಲಿದು, ತಿರುಗಿಸಿ ಹೊಲಿಗೆಯನ್ನು ಒಳಗೆ ಹಾಕುವುದು ಹೇಗೆ? ಮೂಲೆ ಚೂಪು ಮಾಡಿದ್ದು ಯಾವುದರಿಂದ? ಬೀಗಿತ್ತಿ ಧೂಳು ಒರೆಸಲು ತೆರೆದಿದ್ದ ಬೀರು ಹಾಗೆಯೇ ತೆರೆದಿತ್ತು. ಅವರು ಟೀ ಮಾಡಲು ಒಳಗೆ ಹೋದರು, ಮಗಳು ಹಾಲು ತರಲು ಕೆಳಗಿಳಿದಳು. ನೋಡಿ ಹಾಗೇ ಇಟ್ಟರಾಯಿತು ಎಂದುಕೊಂಡು ಗಾದಿಯಕ್ಕ ಒಂದು ಕೈಯಲ್ಲಿ ಬೊಂಬೆಯನ್ನು ಎತ್ತಿ, ಇನ್ನೊಂದು ಕೈಯಲ್ಲಿ ಗಾದಿಯನ್ನು ಎಳೆದುಕೊಂಡಳು.

ಹೊಲಿಗೆ ಸೊಟ್ಟಂಬಟ್ಟ. ಯಾರೋ ಅವಸರದಲ್ಲಿ, ಹೆದರಿಕೊಂಡು ಹೊಲಿದ ಹಾಗಿತ್ತು. ಆದರೆ ಹಿಚುಕಿದಾಗ ಒಳಗಿನದು ಬೆರಳ ಕೆಳಗೆ ಸರಿಯಿತು! ಹತ್ತಿಯಲ್ಲ, ಫೋಮಲ್ಲ. ಏನಿರಬಹುದು? ಇನ್ನೊಮ್ಮೆ ಹಿಚುಕಿದಳು. ಹಳೆಯ ದಾರ ಪಟ್ಟಂತ ಬಿಟ್ಟುಕೊಂಡು ಬೂದುಬಣ್ಣದ ಪುಡಿಯೊಂದು ಮಡಿಲಿಗೆ ಸುರಿಯಿತು. ಅಷ್ಟಾದರೂ ಬುದ್ಧಿ ನಿಲ್ಲಬೇಕಲ್ಲ. ಪುಡಿಯನ್ನು ಬೆರಳಿನಲ್ಲಿ ಉಜ್ಜಿದಳು, ಮೂಸಿದಳು, ಸಾಲದ್ದಕ್ಕೆ ಒಂದು ಚಿಟಿಕೆ ನಾಲಿಗೆಗೂ ಇಟ್ಟುಕೊಂಡಳು. ಆ ಹೊತ್ತಿಗೇ ಬೀಗಿತ್ತಿ ಟೀ ಹಿಡಿದುಕೊಂಡು ಬಂದರು.

"ಏನು ಮಾಡ್ತಿದ್ದೀರಿ?"

"ರುಚಿ... ಅಲ್ಲ ಅಲ್ಲ, ಸುಮ್ನೆ ನೋಡ್ತಿದ್ದೆ" ಎಂದಳು ಗಾದಿಯಕ್ಕ, ನಾಲಿಗೆ ಇನ್ನೂ ಹೊರಗೇ ಇತ್ತು.

ಬೀಗಿತ್ತಿ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವರು ಲೋಟಗಳನ್ನು ಇಟ್ಟು, ಬೊಂಬೆಯನ್ನು ತೆಗೆದುಕೊಂಡು ಬರಿಯ ಕುರ್ಚಿಯಲ್ಲಿ ಕೂರಿಸಲು ನೋಡಿದರು. ಅದು ಜಾರಿತು. ಮತ್ತೆ ಕೂರಿಸಿದರು, ಮತ್ತೆ ಜಾರಿತು. ಕೊನೆಗೆ ಅದನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿ, ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಹಿಡಿಯಲ್ಲಿ ಹಿಡಿದುಕೊಂಡರು. "ಟೀ ಆರುತ್ತೆ, ಕುಡೀರಿ" ಎಂದರು. ಗಾದಿಯಕ್ಕ ಹರಿದ ಹೊದಿಕೆಯನ್ನೂ ಮಡಿಲಲ್ಲಿ ಉಳಿದ ಪುಡಿಯನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು, ಬಾಯಿ ಸುಡುವ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು.

ಬಸ್ಸಿನ ನಿಲ್ದಾಣದಲ್ಲಿ ಮಗಳು ಅತ್ತೇಬಿಟ್ಟಳು. "ಒಂದೇ ಒಂದು ಮಾತು ಕೇಳಿಕೊಂಡಿದ್ದೆ ಕಣಮ್ಮಾ. ಆ ಬೊಂಬೇನ ಅತ್ತೆ ನನಗೂ ಮುಟ್ಟೋಕೆ ಬಿಟ್ಟಿಲ್ಲ, ಅವರ ಮಗನಿಗೂ ಬಿಟ್ಟಿಲ್ಲ. ಇವತ್ತು ರಾತ್ರಿ ಊಟಕ್ಕೆ ನಾನು ಯಾವ ಮುಖ ಇಟ್ಕೊಂಡು ಅವರ ಎದುರು ಕೂರಲಿ?"

"ಹೊಲಿದು ಕೊಡ್ತೀನಿ ಬಿಡೇ. ಬಾಲ್ಕನಿ ಪೂರ್ತಿ ಹೊಲಿದವಳಿಗೆ ಇದೊಂದು ಕೆಲಸಾನಾ?"

ಕೆಲಸವೇ ಆಗಿತ್ತು. ಆದರೆ ಅವಳಿಗೆ ಅದು ಆಗ ತಿಳಿಯಲಿಲ್ಲ. ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಆ ಎರಡು ಬೆರಳಗಲಕ್ಕೆ ಇಳಿಸಿದಳು. ಒಳ್ಳೆಯ ಗಟ್ಟಿ ಫೋಮನ್ನು ಬ್ಲೇಡಿನಿಂದ ಚೌಕ ಕೊಯ್ದಳು, ರೇಷ್ಮೆಯಂಥ ಲೈನಿಂಗ್ ಬಟ್ಟೆ ಹೊದಿಸಿದಳು, ಅಂಚಿಗೆ ದಾರ ಸುತ್ತಿ ಪೈಪಿಂಗ್ ಕೊಟ್ಟಳು, ನಡುವೆ ಮಣಿಯೊಂದನ್ನು ಗುಂಡಿಯ ಹಾಗೆ ಒಳಕ್ಕೆ ಎಳೆದು ಕಟ್ಟಿದಳು. ದೊಡ್ಡ ಸೋಫಾದ ಗಾದಿಯನ್ನೇ ದೂರದಿಂದ ನೋಡಿದ ಹಾಗಿತ್ತು. ಗಂಡ ಅಂಗೈ ಮೇಲೆ ಇಟ್ಟುಕೊಂಡು ನೋಡಿ, "ಟೀಯಲ್ಲಿ ಅದ್ದಿಕೊಂಡು ತಿನ್ನಬಹುದು" ಎಂದ. ಅಂದರೆ ಚೆನ್ನಾಗಿದೆ ಅಂತ ಅರ್ಥ.

ಮರುವಾರ ಅದನ್ನು ಹಿಡಿದುಕೊಂಡು ಉಬ್ಬಿಕೊಂಡೇ ಬೀಗಿತ್ತಿಯ ಮನೆಗೆ ಹೋದಳು. ಬೀಗಿತ್ತಿ ಬೀರು ತೆರೆದು, ಗಾದಿಯನ್ನು ಕುರ್ಚಿಗೆ ಹಾಕಿ ಬೊಂಬೆಯನ್ನು ಕೂರಿಸಿದರು. ಒಂದು ಗಳಿಗೆ ಕೂತಿತು. ಆಮೇಲೆ ಫೋಮು ಮೆಲ್ಲಗೆ ಅದನ್ನು ಮುಂದಕ್ಕೆ ತಳ್ಳಿತು, ಬೊಂಬೆ ಮುಗ್ಗರಿಸಿ ಕುರ್ಚಿಯಿಂದ ಕೆಳಕ್ಕೆ! ಬೀಗಿತ್ತಿ ಎರಡೂ ಅಂಗೈ ಒಡ್ಡಿ ಹಿಡಿದರು, ಇಲ್ಲದಿದ್ದರೆ ಪಿಂಗಾಣಿ ಮುಖ ಚೂರುಚೂರಾಗುತ್ತಿತ್ತು. "ಬೇಡ, ಬಿಟ್ಟುಬಿಡಿ" ಎಂದು ಹೊಸ ಗಾದಿಯನ್ನು ಗಾದಿಯಕ್ಕನ ಕೈಗೆ ವಾಪಸು ಕೊಟ್ಟರು.

ಬಾಗಿಲ ತನಕ ಬಂದ ಮಗಳು ನೆಲ ನೋಡುತ್ತ ಹೇಳಿದಳು: "ಅಮ್ಮಾ, ಸ್ವಲ್ಪ ದಿನ ಇಲ್ಲಿಗೆ ಬರಬೇಡ. ನಾನೇ ಅಲ್ಲಿಗೆ ಬರ್ತೀನಿ."

ಇದು ಗಾದಿಯಕ್ಕನ ಎದೆಗೇ ನಾಟಿತು. ಇದ್ದೊಬ್ಬಳು ಮಗಳು, ಅವಳ ಮನೆಯ ಬಾಗಿಲನ್ನು ತನ್ನ ಕೈಯಾರೆ ಮುಚ್ಚಿಕೊಂಡೆನಲ್ಲ ಎಂದುಕೊಂಡಳು. ಅಂಗಡಿಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆರೆದವಳು ಹಾಗೆಯೇ ಮುಚ್ಚಿಟ್ಟಳು. ಗಂಡನಿಗೂ ಕುಟುಕಲು ಮನಸ್ಸಾಗಲಿಲ್ಲ. "ಬಿಡೇ, ಅದಕ್ಕಿಂತ ಚೆನ್ನಾಗಿರೋ ಬೊಂಬೆ ತಂದು ಕೊಡೋಣ" ಎಂದ.

"ಅವರಿಗೆ ಬೇರೆ ಬೊಂಬೆ ಬೇಕಿಲ್ಲ ರೀ. ಆ ಬೊಂಬೆ ಕೂರಬೇಕು, ಅಷ್ಟೇ. ಆ ಸೊಟ್ಟ ಹೊಲಿಗೆಯ ಗಾದಿ ಮೇಲೆ ಕೂರ್ತಿತ್ತು, ನನ್ನದರ ಮೇಲೆ ಕೂರಲ್ಲ ಅಂದರೆ ಏನರ್ಥ ಹೇಳಿ?"

ದುಃಖ ಒಂದು ಕಡೆ, ಈ ಪ್ರಶ್ನೆ ಇನ್ನೊಂದು ಕಡೆ. ಪ್ರಶ್ನೆಯೇ ಗೆದ್ದಿತು. ಪಕ್ಕದ ಮನೆಯ ಮಗುವಿಗೆ ಬಿಸ್ಕತ್ತಿನ ಲಂಚ ಕೊಟ್ಟು ಅದರ ಬೊಂಬೆಯನ್ನು ಎರವಲು ತಂದಳು. ಹತ್ತಿ ತುಂಬಿ ನೋಡಿದಳು: ಗಾದಿ ಚೆಂಡಿನಂತೆ ಉಬ್ಬಿ ಬೊಂಬೆ ಉರುಳಿತು. ಹತ್ತಿ ಕಡಿಮೆ ಮಾಡಿದಳು: ಗಾದಿ ಸೊರಗಿ ಬಟ್ಟೆಯ ಚೂರಾಯಿತು. ಸಾಸಿವೆ ತುಂಬಿದರೆ ಗಂಟುಗಂಟು. ಉಪ್ಪು ತುಂಬಿದ್ದು ಎರಡೇ ದಿನಕ್ಕೆ ಒದ್ದೆಯಾಗಿ ಕಲ್ಲಾಯಿತು. ರವೆ ತುಂಬಿದ್ದರಲ್ಲಿ ಬೊಂಬೆ ಸುಮಾರಾಗಿ ಕೂತಿತು, ಆದರೆ ಗಾದಿಯನ್ನು ಹುಡುಕಿಕೊಂಡು ಇರುವೆಗಳು ಬಂದವು. ರವೆಯ ಗಾದಿಯ ಮೇಲೆ ಕೂತ ಬೊಂಬೆಯನ್ನು ನೋಡುತ್ತ ಅವಳಿಗೆ ಹೊಳೆಯಿತು. ಜೀವಮಾನವೆಲ್ಲ ಅವಳು ಮಾಡಿದ್ದು ಎದುರು ಒತ್ತುವ ಗಾದಿ. ಮನುಷ್ಯ ಭಾರ ಹಾಕುತ್ತಾನೆ, ಗಾದಿ ಕೆಳಗಿನಿಂದ ಎತ್ತಿ ಹಿಡಿಯುತ್ತದೆ, ಅದಕ್ಕೇ ಸುಖ. ಬೊಂಬೆಗೆ ಭಾರವೇ ಇಲ್ಲ. ಅದು ಗಾದಿಯನ್ನು ಒತ್ತಲಾರದು, ಗಾದಿಯೇ ಅದನ್ನು ಆಚೆಗೆ ಒತ್ತಿಬಿಡುತ್ತದೆ. ಬೊಂಬೆಯ ಗಾದಿಗೆ ತನ್ನದೇ ಭಾರ ಬೇಕು, ಮೊದಲು ಅದು ಕುಸಿದು ಜಾಗ ಮಾಡಿಕೊಡಬೇಕು.

ಹಾಗಾದರೆ ಆ ಬೂದುಬಣ್ಣದ ಪುಡಿ ಏನು? ಕರವಸ್ತ್ರದ ಗಂಟನ್ನು ಬಿಚ್ಚಿ, ಬಿಳಿಯ ಕಾಗದದ ಮೇಲೆ ಸುರಿದು, ಮಶೀನಿನ ದೀಪದ ಕೆಳಗೆ ಎಳೆದುಕೊಂಡು ಕೂತಳು. ಮರಳು, ಸಣ್ಣ ಮರಳು. ಅದರಲ್ಲಿ ಬೂದಿ ಬೆರೆತಿತ್ತು. ಒಂದು ಸುಟ್ಟ ಬೆಂಕಿಕಡ್ಡಿಯ ತುಣುಕೂ ಸಿಕ್ಕಿತು. ಥೂ, ಅವತ್ತು ನಾಲಿಗೆಗೆ ಕಹಿಯಾದದ್ದು ಯಾವನೋ ಸೇದಿ ಹೊಸಕಿದ ಸಿಗರೇಟಿನ ಬೂದಿಯೇ! ಸೂಜಿಯ ಮೊನೆಯಿಂದ ಇನ್ನಷ್ಟು ಕೆದಕಿದರೆ ನೂಲಿನ ಎಳೆಗಳು, ಕೆಂಪು, ಹಸಿರು, ಹಳದಿ, ಒಂದೆರಡು ಜರಿ. ಮರಳೂ ಬೂದಿಯೂ ಒಂದೇ ಕಡೆ ಇರುವುದು ಸರಿ. ಆದರೆ ಅದಕ್ಕೆ ಇಷ್ಟು ಬಣ್ಣದ ನೂಲು ಎಲ್ಲಿಂದ ಬಂದು ಬಿತ್ತು?

ಮಗಳಿಗೆ ಫೋನು ಮಾಡಿದಳು. "ನಿಮ್ಮತ್ತೆ ಮೊದಲು ಎಲ್ಲಿ ಕೆಲಸ ಮಾಡ್ತಿದ್ದರು?"

"ಚೌಕದ ಹತ್ತಿರ ಇರೋ ದೊಡ್ಡ ಬಟ್ಟೆ ಅಂಗಡೀಲಿ. ಯಾಕಮ್ಮಾ? ಇನ್ನೇನು ತಲೆಗೆ ಹೊಕ್ಕಿದೆ ನಿನಗೆ?"

"ಏನಿಲ್ಲ, ಸುಮ್ನೆ" ಎಂದು ಫೋನಿಟ್ಟವಳು ಸುಮ್ಮನಿರುತ್ತಾಳೆಯೇ? ಅಂಗಡಿಯ ಬಾಗಿಲೆಳೆದು ನೇರ ಚೌಕಕ್ಕೆ ಹೋದಳು.

ಅದು ಮಹಡಿಯ ಮೇಲೆ ಮಹಡಿ ಇದ್ದ ಬಟ್ಟೆ ಅಂಗಡಿ. ಮೆಟ್ಟಿಲು ತಿರುಗುವ ಕಡೆಯೆಲ್ಲ ಗೋಡೆಗೆ ಕೆಂಪು ಬಕೆಟ್ಟುಗಳು, ಬೆಂಕಿ ಬಿದ್ದರೆ ಆರಿಸಲಿಕ್ಕೆ. ಗಾದಿಯಕ್ಕ ಇಣುಕಿ ನೋಡಿದಳು. ತುಂಬ ಮರಳು, ಮರಳಲ್ಲಿ ನೆಟ್ಟ ಸಿಗರೇಟಿನ ತುಂಡುಗಳು, ಮೇಲೆ ಕತ್ತರಿಸಿದ ಬಟ್ಟೆಗಳಿಂದ ಹಾರಿ ಬಂದು ಕೂತ ಬಣ್ಣಬಣ್ಣದ ಎಳೆಗಳು. "ಸಿಕ್ಕಿಬಿದ್ದೆ ನೋಡು!" ಎಂದು ಗಟ್ಟಿಯಾಗಿಯೇ ಅಂದಳು. ಇಳಿದು ಬರುತ್ತಿದ್ದವರು ಗೋಡೆಯ ಬದಿಗೆ ಸರಿದುಕೊಂಡು ಹೋದರು.

ಅಲ್ಲಿಗೇ ಬರಬಹುದಿತ್ತು. ಚಾಳಿ ಬಿಡಲಿಲ್ಲ, ಇಷ್ಟು ದೊಡ್ಡ ಅಂಗಡಿಯವರು ಎಂಥ ಕುರ್ಚಿ ಇಟ್ಟಿರಬಹುದು ಎಂದು ಮೇಲೆ ಹತ್ತಿದಳು. ಗಿರಾಕಿಗಳಿಗೆ ಮೆತ್ತನೆಯ ಸ್ಟೂಲುಗಳಿದ್ದವು, ಒಂದೆರಡನ್ನು ಮಗುಚಿಯೂ ನೋಡಿದಳು. ಕೌಂಟರಿನ ಆಚೆ ಬಗ್ಗಿ ನೋಡಿದರೆ ಏನೂ ಇಲ್ಲ. ಸ್ಟೂಲಿಲ್ಲ, ಮಣೆಯಿಲ್ಲ, ಒರಗಲು ಗೂಟವೂ ಇಲ್ಲ. ಉದ್ದಕ್ಕೂ ಹೆಂಗಸರು ನಿಂತಿದ್ದರು, ಬೆನ್ನು ನೆಟ್ಟಗೆ.

"ಏನು ತೋರಿಸಲಿ ಅಕ್ಕಾ?" ಎಂದಳು ಒಬ್ಬಳು.

"ಬಟ್ಟೆ ಬೇಡಮ್ಮ. ನೀವೆಲ್ಲ ಎಲ್ಲಿ ಕೂರ್ತೀರಿ?"

"ಕೂರೋದಾ?" ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಊಟದ ಬಿಡುವಿನಲ್ಲಿ ಆ ಮೆಟ್ಟಿಲ ಮೇಲೆ. ಗಿರಾಕಿ ಇಲ್ಲದಿದ್ದರೂ ಇಲ್ಲಿ ಕೂರೋ ಹಾಗಿಲ್ಲ. ಮೊದಲಿಂದಲೂ ಹೀಗೇ."

ಊರಿಗೆಲ್ಲ ಕೂರಲು ಹೊಲಿದು ಕೊಟ್ಟವಳು ಗಾದಿಯಕ್ಕ. ಹಗಲಿಡೀ ಕೂರದೆ ಬದುಕುವ ಮನುಷ್ಯರಿದ್ದಾರೆ ಎಂಬುದು ಅವಳ ತಲೆಗೆ ಬಂದೇ ಇರಲಿಲ್ಲ. ತಮ್ಮ ಮನೆಯಲ್ಲೇ ನಿಂತು ಟೀ ಕೊಟ್ಟ ಬೀಗಿತ್ತಿಯನ್ನು ಬಿಂಕದ ಹೆಂಗಸು ಎಂದುಕೊಂಡಿದ್ದಳಲ್ಲ, ಅದನ್ನು ನೆನೆದು ನಾಚಿಕೆಯಾಯಿತು. ಇಳಿಯುವಾಗ ಯಾರೂ ಇಲ್ಲದ್ದನ್ನು ನೋಡಿ ಕೆಂಪು ಬಕೆಟ್ಟಿನಿಂದ ಒಂದು ಹಿಡಿ ಮರಳನ್ನು ಕರವಸ್ತ್ರಕ್ಕೆ ಹಾಕಿಕೊಂಡಳು.

ಈ ಸಲ ಮಶೀನು ಮುಟ್ಟಲಿಲ್ಲ. ಮುರಿದ ಛತ್ರಿಯ ಬಟ್ಟೆಯಿಂದ, ಮರಳು ಸೋರದ ಹಾಗೆ, ಕೈಯಲ್ಲೇ ಒಳಚೀಲ ಹೊಲಿದಳು. ಗಾದಿ ಹೊಲಿಯುವ ದಬ್ಬಳ ಹಿಡಿದು ಒರಟಾದ ಬೆರಳಿಗೆ ಸಣ್ಣ ಸೂಜಿ ಸಿಗದೆ ಜಾರಿ ಜಾರಿ ಬೀಳುತ್ತಿತ್ತು, ಅದನ್ನು ಬೈದುಕೊಂಡೇ ಹೊಲಿದಳು. ಮೂಲೆಗಳನ್ನು ಹಲ್ಲುಕಡ್ಡಿಯಿಂದ ನೂಕಿ ಚೂಪು ಮಾಡಿದಳು. ಹಳೆಯ ಮರಳಿಗೆ ಹೊಸದನ್ನು ಬೆರೆಸಿ, ಕಾಗದ ಸುತ್ತಿ ಮಾಡಿದ ಕೊಳವೆಯಿಂದ ಮುಕ್ಕಾಲು ಪಾಲು ಮಾತ್ರ ತುಂಬಿದಳು. ಉಳಿದ ಕಾಲು ಪಾಲು ಖಾಲಿ ಬಿಟ್ಟಿದ್ದು ಮರಳು ಸರಿದು ಜಾಗ ಕೊಡಲಿ ಎಂದು. ಮೇಲೆ ಅದೇ ಮಾಸಿದ ನೀಲಿ ಹೊದಿಕೆ. ಹರಿದ ಕಡೆ ಹೊಲಿದಳು, ಸೊಟ್ಟ ಹೊಲಿಗೆಯನ್ನು ನೆಟ್ಟಗೆ ಮಾಡಲು ಕೈ ತುರಿಸಿದರೂ ಹಾಗೆಯೇ ಬಿಟ್ಟಳು.

ಮಗಳು ಕೆಲಸಕ್ಕೆ ಹೋಗುವ ಹೊತ್ತು ನೋಡಿಕೊಂಡು ಹೋಗಿ ಗಂಟೆ ಒತ್ತಿದಳು. ಬೀಗಿತ್ತಿ ಬಾಗಿಲು ತೆಗೆದರು. "ನಿಮ್ಮ ಮಗಳು ಇಲ್ಲ."

"ಗೊತ್ತು ಬೀಗಿತ್ತಿ. ಒಳಗೆ ಬರಲ್ಲ, ಇದನ್ನ ಕೊಟ್ಟು ಇಲ್ಲಿಂದಲೇ ಹೋಗ್ತೀನಿ."

ಬೀಗಿತ್ತಿ ಗಾದಿಯನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಒತ್ತಿದರು. ಒಳಗೆ ಮರಳು ಸರಿಯಿತು. ಅವರು ಒಳಗೆ ತಿರುಗಿದರು, ಬಾಗಿಲು ಮಾತ್ರ ತೆರೆದೇ ಬಿಟ್ಟಿದ್ದರು. ಗಾದಿಯಕ್ಕ ಹಿಂದೆಯೇ ಹೋದಳು. ಕುರ್ಚಿ, ಅದರ ಮೇಲೆ ಗಾದಿ, ಅದರ ಮೇಲೆ ಬೊಂಬೆ. ಗಾದಿ ಮೆಲ್ಲಗೆ ಕುಸಿದು ಬೊಂಬೆಯ ಸುತ್ತ ಅಂಚು ಕಟ್ಟಿಕೊಂಡಿತು. ಬೀಗಿತ್ತಿ ಕುರ್ಚಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಬೊಂಬೆ ಅಲುಗಾಡಲಿಲ್ಲ, ಮಾರಾಯರೇ!

"ಒಳಗೆ ಏನು ತುಂಬಿದ್ದೀರಿ?"

"ನೀವು ತುಂಬಿದ್ದೇ. ಸಾಲದೆ ಬಂದಷ್ಟನ್ನ ಮೆಟ್ಟಿಲ ತಿರುವಿನ ಕೆಂಪು ಬಕೆಟ್ಟಿಂದ ತಂದೆ. ಕದ್ದು."

ಬೀಗಿತ್ತಿಯ ಬಾಯಿ ತುಸು ಸಡಿಲವಾಯಿತು. "ನಾನೂ ಕದ್ದೇ ತಂದಿದ್ದು."

"ಒಂದು ಮಾತು ಕೇಳಲಾ? ತಪ್ಪು ತಿಳ್ಕೋಬೇಡಿ. ಅಷ್ಟು ವರ್ಷ ಅಲ್ಲಿದ್ದಿರಲ್ಲ, ನೀವು ಎಲ್ಲಿ ಕೂರ್ತಿದ್ರಿ?"

ಬೀಗಿತ್ತಿ ಬೊಂಬೆಯ ಬೂಟಿನ ಲೇಸನ್ನು ಸರಿಮಾಡಿದರು. ಆಮೇಲೆ ಮಾತು ಬಂತು, ಇಷ್ಟು ದಿನ ಅಳೆದು ಆಡುತ್ತಿದ್ದವರದು ಕಟ್ಟೆಯೊಡೆದ ಹಾಗೆ. ಮೊದಲ ಸಂಬಳದಲ್ಲಿ ತಂದ ಬೊಂಬೆಯಂತೆ ಅದು. ಸಂಜೆ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲವಂತೆ. "ಇವಳಾದರೂ ಕೂತಿರಲಿ ಅಂತ ಅನ್ನಿಸ್ತು. ಊಟದ ಬಿಡುವಲ್ಲಿ ಮೆಟ್ಟಿಲ ಮೇಲೆ ಕೂತು ಕತ್ತರಿಸಿ ಉಳಿದ ಚೂರಲ್ಲಿ ಹೊಲಿದೆ. ಮೇಲ್ವಿಚಾರಕ ನೋಡಿಬಿಟ್ಟ. ಅಂಗಡಿ ಬಟ್ಟೆ ಕದೀತೀಯಾ ಅಂತ ಎಲ್ಲರೆದುರು ಬೈದ. ಆಮೇಲೆ ಇನ್ನೊಂದು ಹೊಲಿಯೋಕೆ ಕೈ ಬರಲಿಲ್ಲ. ಬೊಂಬೆ ಮಾತ್ರ ತರ್ತಾ ಹೋದೆ. ಇವರೆಲ್ಲ ನಿಂತೇ ಇದ್ದಾರೆ ನೋಡಿ."

ಹೇಳುತ್ತ ಹೇಳುತ್ತ ಅವರು ಮೇಲಿನ ಹಲಗೆಯಿಂದ ಇನ್ನೊಂದು ಬೊಂಬೆಯನ್ನು ಇಳಿಸಿ, ಸೊಂಟದ ತಂತಿಯನ್ನು ಬಿಡಿಸಿದರು. ಬಟ್ಟೆಯ ಮೇಲೆ ತಂತಿಯ ತುಕ್ಕು ಗೆರೆ ಬಿದ್ದಿತ್ತು. "ಇವಳನ್ನೂ ಕೂರಿಸೋಕೆ ಆಗುತ್ತಾ?"

"ಎಲ್ಲರನ್ನೂ ಕೂರಿಸೋಣ ಕೊಡಿ" ಎಂದಳು ಗಾದಿಯಕ್ಕ.

ಸಂಜೆ ಮಗಳು ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು. ಬೀರು ಹಾರು ಹೊಡೆದಿತ್ತು. ಬೊಂಬೆಗಳು ನೆಲದ ಮೇಲೆ ಟವೆಲಿನಲ್ಲಿ ಸಾಲಾಗಿ ಮಲಗಿದ್ದವು, ಪಕ್ಕದಲ್ಲಿ ಬಿಚ್ಚಿದ ತಂತಿಗಳ ರಾಶಿ, ನಡುವೆ ಅಮ್ಮ.

"ಅಮ್ಮಾ! ಮತ್ತೆ ಏನು ಮಾಡಿದೆ ನೀನು?"

"ಕೂಗಬೇಡ" ಎಂದರು ಅತ್ತೆ. ಅವರು ನೆಲದ ಮೇಲೆ ಕಾಲು ಚಾಚಿಕೊಂಡು, ಬಟ್ಟೆಯ ಚೂರುಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸುತ್ತಿದ್ದರು. "ನಾನೇ ಕೂರಿಸ್ಕೊಂಡಿದ್ದೀನಿ ಇವರನ್ನ. ಎಲ್ಲಿ ಕೆಲಸ ಮಾಡ್ತಿದ್ರಿ ಅಂತ ನನ್ನ ಎಲ್ಲರೂ ಕೇಳಿದ್ದಾರೆ, ನೀನೂ ಕೇಳಿದೀಯ. ಎಲ್ಲಿ ಕೂರ್ತಿದ್ರಿ ಅಂತ ಕೇಳಿದ್ದು ನಿಮ್ಮಮ್ಮ ಒಬ್ಬರೇ. ಇನ್ನು ಅವರಿಗೆ ಬರಬೇಡ ಗಿರಬೇಡ ಅಂತ ಹೇಳಬೇಡ."

ಮಗಳು ಅಮ್ಮನ ಕಡೆ ನೋಡಿದಳು. ಗಾದಿಯಕ್ಕ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಅಳುತ್ತಿದ್ದಳು, ಸೂಜಿಯ ಕಣ್ಣು ಕಾಣದೆ ದಾರದ ತುದಿ ಪಕ್ಕಕ್ಕೆ ಪಕ್ಕಕ್ಕೆ ಹೋಗುತ್ತಿತ್ತು. ಮಗಳು ಚೀಲವನ್ನು ಬಾಗಿಲಲ್ಲೇ ಬಿಟ್ಟು ಬಂದು, ತಂತಿಗಳನ್ನು ಆಚೆಗೆ ಸರಿಸಿ ಅವಳ ಪಕ್ಕದಲ್ಲಿ ಕೂತಳು.

"ಕೊಡಮ್ಮಾ" ಎಂದಳು, "ನಾನು ಪೋಣಿಸ್ತೀನಿ."